ಮುಳ್ಳುಹಂದಿಯನ್ನು ಯಾರೂ ಕೇಳಲಿಲ್ಲ

ಗ್ರಂಥಾಲಯದ ಮಕ್ಕಳ ವಿಭಾಗದಲ್ಲಿ ಇಪ್ಪತ್ತಮೂರು ವರ್ಷದಿಂದ ಕೆಲಸ ಮಾಡುತ್ತಿದ್ದ ಆಕೆಯ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಇನ್ಯಾರಿಗೂ ಬೇಕಾಗಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಮೂರು ವರ್ಷದ ಪೋರಿಯೊಬ್ಬಳು ತನ್ನ ಎದೆಯೆತ್ತರದ ಪುಸ್ತಕವೊಂದನ್ನು ದರದರ ಎಳೆದುಕೊಂಡು ಬಂದು, ಆಕೆಯ ಮಡಿಲಿಗೆ ಒಗೆದು, "ಓದಮ್ಮ!" ಎಂದು ಅಪ್ಪಣೆ ಕೊಡಿಸಿದ್ದಳು. ಸುತ್ತ ಇದ್ದ ಮಕ್ಕಳೆಲ್ಲ ಈ ಹೆಂಗಸಿನ ಹೆಸರೇ ಓದಮ್ಮ ಎಂದುಕೊಂಡವು. ವರ್ಷ ತುಂಬುವುದರೊಳಗೆ ಮಕ್ಕಳ ತಾಯಂದಿರು, ಆಮೇಲೆ ಬಾಗಿಲು ಕಾಯುವವರು, ಕೊನೆಗೆ ಮೇಲಧಿಕಾರಿಗಳೂ ಹಾಗೇ ಕರೆಯತೊಡಗಿದರು.

ಓದಮ್ಮನ ಕೋಣೆಯಲ್ಲಿ ಎಲ್ಲವೂ ಮೊಣಕಾಲೆತ್ತರ. ಕುರ್ಚಿಗಳು ಎಷ್ಟು ಗಿಡ್ಡ ಎಂದರೆ ಮಗುವನ್ನು ಕರೆತಂದ ಅಪ್ಪಂದಿರು ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಹಸಿರು ಜಮಖಾನೆಯ ನಡುಭಾಗ ಸವೆದು ನೂಲು ಕಾಣುತ್ತಿತ್ತು. ಕಿಟಕಿಯ ಕೆಳಗಿನ ಮೇಜಿನ ಮೇಲೆ ಅಂಟಿನ ಡಬ್ಬಿ, ಬಟ್ಟೆಯ ಟೇಪು, ಒಂದು ಅಗಲ ಬ್ರಷ್ಷು. ಮಕ್ಕಳು ಪ್ರೀತಿಯಿಂದ ಹರಿದ ಪುಸ್ತಕಗಳಿಗೆ ಅಲ್ಲಿ ಚಿಕಿತ್ಸೆ. ಆಕೆ ಕಥೆ ಓದಿದರೆ ಕರಡಿ ಕರಡಿಯಂತೆಯೇ ಗುರುಗುಟ್ಟುತ್ತಿತ್ತು, ಇಲಿಗೆ ನೆಗಡಿಯಾಗಿದ್ದರೆ ಕೇಳುತ್ತಿದ್ದವರ ಮೂಗೂ ಕಟ್ಟುತ್ತಿತ್ತು.

ಮನೆಯಲ್ಲಿದ್ದದ್ದು ಅಕ್ಕ ಒಬ್ಬಳೇ. ಒಂಬತ್ತು ವರ್ಷ ದೊಡ್ಡವಳು, ದರ್ಜಿ. ಅಪ್ಪ ಅಮ್ಮ ಬೇಗ ಹೋದ ಮೇಲೆ ಹೊಲಿಗೆ ಮಿಷನ್ ತುಳಿದು ತಂಗಿಯನ್ನು ಓದಿಸಿದವಳು. ಅಕ್ಕ ಮದುವೆಯ ತಂಟೆಗೇ ಹೋಗಲಿಲ್ಲ, ತಂಗಿಯ ಮದುವೆ ನಾಲ್ಕು ವರ್ಷಕ್ಕೆ ಮುಗಿದು, ಆಕೆ ಒಂದು ಸೂಟ್‌ಕೇಸಿನೊಂದಿಗೆ ಮರಳಿ ಬಂದಾಗ ಅಕ್ಕ, "ಬಂದ್ಯಾ? ಸರಿ, ಈ ಗುಂಡಿ ಹಾಕಿಕೊಡು, ಗಿರಾಕಿ ಬರ್ತಾರೆ" ಎಂದಷ್ಟೇ ಹೇಳಿದ್ದಳು. ತಂಗಿಗೆ ಐವತ್ತೊಂದು ತುಂಬಿದರೂ ಅಕ್ಕನ ಬಾಯಲ್ಲಿ ಆಕೆ ಪುಟ್ಟಿಯೇ.

ಅಕ್ಕನಿಗೆ ಸಕ್ಕರೆ ಕಾಯಿಲೆ ಇತ್ತು. ಬಲಗಾಲಿನ ಹೆಬ್ಬೆರಳಲ್ಲಿ ಒಂದು ಗುಳ್ಳೆ ಎದ್ದಿತು. ಅಂಥದ್ದಕ್ಕೆಲ್ಲ ಆಸ್ಪತ್ರೆಗೆ ಓಡುವವಳಲ್ಲ ಅವಳು. ಮೂರು ವಾರದಲ್ಲಿ ಬೆರಳು ಕಪ್ಪಾಯಿತು, ಆಮೇಲೆ ಪಾದ. ಆಸ್ಪತ್ರೆಯಲ್ಲಿ ವೈದ್ಯರು ಮಂಡಿಯ ಕೆಳಗೆ ಕಾಲು ತೆಗೆಯಬೇಕು ಎಂದರು. ಅಕ್ಕ ಹಾಸಿಗೆಯ ಮೇಲೆ ನೆಟ್ಟಗೆ ಎದ್ದು ಕೂತಳು.

"ಬೇಡ. ಮಿಷನ್ ತುಳಿಯೋ ಕಾಲು ಅದು."

"ಅಮ್ಮ, ಅದು ಮೇಲಕ್ಕೆ ಹಬ್ತಾ ಇದೆ."

"ಹಬ್ಬಲಿ. ನನಗೆ ಅರವತ್ತು ವರ್ಷ. ಬೇಡ ಅಂದ್ರೆ ಬೇಡ. ಪುಟ್ಟಿ, ನೀನೂ ಕೇಳಿಸ್ಕೊ."

ಪುಟ್ಟಿ ಕೇಳಿಸಿಕೊಂಡಳು. ಎರಡನೆಯ ದಿನವೂ ಅಕ್ಕ ಅದನ್ನೇ ಹೇಳಿದಳು. ಮೂರನೆಯ ದಿನ ನಂಜು ರಕ್ತಕ್ಕೆ ಇಳಿದು, ಮೈ ಕೆಂಡವಾಗಿ, ಅಕ್ಕ ಯಾವಾಗಲೋ ಸತ್ತ ಗಿರಾಕಿಗಳ ತೋಳಿನ ಅಳತೆ ಹೇಳತೊಡಗಿದಳು. ವೈದ್ಯರು ಓದಮ್ಮನನ್ನು ಹೊರಗೆ ಕರೆದು ಒಪ್ಪಿಗೆ ಪತ್ರ ಕೈಗಿತ್ತರು.

"ಅವರು ಬೇಡ ಅಂದಿದ್ರು ಡಾಕ್ಟ್ರೇ. ಎರಡು ಸಲ."

"ಗೊತ್ತು, ನನ್ನ ಮುಂದೇನೇ ಹೇಳಿದ್ರು. ಈಗ ಹೇಳೋ ಸ್ಥಿತೀಲಿ ಅವರಿಲ್ಲ. ಹತ್ತಿರದವರು ನೀವೊಬ್ರೇ. ಸಂಜೆ ದಾಟಿದ್ರೆ ಜೀವ ಉಳಿಯೋದು ಕಷ್ಟ. ನೀವು ಏನು ಹೇಳಿದ್ರೂ ನಾವು ಅದಕ್ಕೆ ಬದ್ಧ."

ಓದಮ್ಮ ಗೋಡೆಗೆ ಕಾಗದವನ್ನು ಒತ್ತಿ ಹಿಡಿದು ಸಹಿ ಹಾಕಿದಳು. ಗೋಡೆ ಒರಟಾಗಿತ್ತು, ಸಹಿ ನಡುವೆ ತೂತು ಬಿತ್ತು.

ಅಕ್ಕ ಬದುಕಿದಳು. ಎಚ್ಚರವಾಗಿ, ಹೊದಿಕೆಯ ಕೆಳಗೆ ಒಂದು ಕಡೆ ಚಪ್ಪಟೆಯಾಗಿರುವುದನ್ನು ನೋಡಿ ಕೇಳಿದಳು: "ಯಾರು ಹೇಳಿದ್ದು?"

"ಡಾಕ್ಟರೇ ತೀರ್ಮಾನ ಮಾಡ್ಬಿಟ್ರು ಅಕ್ಕ. ನನ್ನ ಕೇಳಲೂ ಇಲ್ಲ."

ಆ ಮಾತು ಓದಮ್ಮನ ಬಾಯಿಂದ ನೀರಿನಂತೆ ಬಂತು. ಅದಕ್ಕಾಗಿ ಅವಳು ಯೋಚನೆ ಮಾಡಿದ್ದೇ ಇಲ್ಲ. ಅಂದಿನಿಂದ ಅಕ್ಕ ಆ ವೈದ್ಯರಿಗೆ ಹಾಕದ ಶಾಪವಿಲ್ಲ. ಡ್ರೆಸ್ಸಿಂಗ್‌ಗೆ ಹೋದಾಗಲೆಲ್ಲ ಮುಖ ತಿರುಗಿಸಿ ಕೂರುತ್ತಿದ್ದಳು.

ಅಂದಿನಿಂದಲೇ ಓದಮ್ಮನಿಗೆ ಏನೂ ತಾಗುವುದು ನಿಂತಿತು. ಅಳು ಬರಲಿಲ್ಲ, ಬರಬೇಕು ಎಂದೂ ಅನ್ನಿಸಲಿಲ್ಲ. ಊಟದಲ್ಲಿ ಉಪ್ಪು ಇದೆಯೋ ಇಲ್ಲವೋ ಅಕ್ಕನೇ ಹೇಳಬೇಕು. ಗ್ರಂಥಾಲಯದಲ್ಲಿ ಕರಡಿ ಗುರುಗುಟ್ಟುತ್ತಿತ್ತು, ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದವು. ತನ್ನದೇ ಆ ದನಿಯನ್ನು ಆಕೆ ಪಕ್ಕದ ಕೋಣೆಯಲ್ಲಿ ಕೂತು ಕೇಳಿದಂತೆ ಕೇಳುತ್ತಿದ್ದಳು. ಒಂದು ದಿನ ಮೇಜಿನ ಡ್ರಾಯರಿಗೆ ಹೆಬ್ಬೆರಳು ಸಿಕ್ಕಿಕೊಂಡಿತ್ತು. ಉಗುರು ನೀಲಿಯಾಗಿದ್ದನ್ನು ಸಂಜೆ ಕೈ ತೊಳೆಯುವಾಗ ನೋಡಿ ಗೊತ್ತಾಯಿತು.

ಕಾಲು ಹೋದ ಎರಡನೆಯ ತಿಂಗಳಲ್ಲಿ ಓದಮ್ಮ ಮಿಷನ್ ರಿಪೇರಿಯವನನ್ನು ಕರೆಸಿ, ಅಕ್ಕ ಪಕ್ಕದ ಮನೆಯವರ ಜೊತೆ ಆಸ್ಪತ್ರೆಗೆ ಹೋಗಿದ್ದ ಹೊತ್ತು ನೋಡಿ, ತುಳಿಯುವ ಮಿಷನ್ನಿಗೆ ಕರೆಂಟಿನ ಮೋಟಾರ್ ಹಾಕಿಸಿದಳು. ಅಕ್ಕ ಬಂದು ನೋಡಿದಳು. "ಓಹೋ, ಹೊಸ ನೆಂಟರು" ಎಂದಳು. ಅದನ್ನು ಮುಟ್ಟಲಿಲ್ಲ. ಹೇಳಿ ಕಳಿಸಿದವರಿಗೆ ಕೈಹೊಲಿಗೆಯಲ್ಲಿ ಅಂಚು ಮಡಚಿಕೊಡುತ್ತಾ, ಗುಂಡಿ ಹಾಕಿಕೊಡುತ್ತಾ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು.

ಹೀಗೆ ಏಳು ತಿಂಗಳು ಕಳೆದಿದ್ದಾಗ ಗ್ರಂಥಾಲಯಕ್ಕೆ ಒಂದು ದೂರು ಬಂತು.

ದೂರು ಕೊಟ್ಟವಳು ಬಸ್ ಓಡಿಸುವ ಹೆಂಗಸು. ಆಕೆಯ ಆರು ವರ್ಷದ ಮಗಳು ಪ್ರತಿ ಶನಿವಾರ ಕಥೆಗೆ ಬರುತ್ತಿದ್ದಳು. ದೂರು ಇದ್ದದ್ದು ಒಂದು ಚಿತ್ರಪುಸ್ತಕದ ಮೇಲೆ. ಕಥೆ ಇಷ್ಟು: ಒಂದು ಮುಳ್ಳುಹಂದಿ ಮರಿಗೆ ಯಾರಾದರೂ ಅಪ್ಪಿಕೊಳ್ಳಲು ಬಂದರೆ ಇಷ್ಟವಿಲ್ಲ, ಮೈ ಮುದುಡಿ ಮುಳ್ಳು ನಿಮಿರಿಸುತ್ತದೆ. ಪಾಪ, ಒಂಟಿಯಾಗಿದೆ ಎಂದು ಮೊಲ, ಅಳಿಲು, ಕರಡಿ ಸೇರಿ, ಅದು ಮಧ್ಯಾಹ್ನ ಮರದಡಿ ನಿದ್ದೆ ಹೋಗಿದ್ದಾಗ ಮುಳ್ಳನ್ನೆಲ್ಲ ಕತ್ತರಿಸುತ್ತವೆ. ಎದ್ದ ಮರಿಯನ್ನು ಎಲ್ಲರೂ ಅಪ್ಪಿಕೊಳ್ಳುತ್ತಾರೆ. ಕೊನೆಯ ಪುಟದಲ್ಲಿ ಮುಳ್ಳುಹಂದಿ ನಗುತ್ತದೆ, ಹೂವು ಉದುರುತ್ತದೆ, ಮುಗಿಯಿತು. ವಿಭಾಗದಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುವ ಪುಸ್ತಕ. ಓದಮ್ಮ ಅದರ ಬೆನ್ನಿಗೆ ಐದು ಸಲ ಟೇಪು ಹಾಕಿದ್ದಳು.

ಗ್ರಂಥಾಲಯದ ಮುಖ್ಯಸ್ಥರು ಜಗಳವೆಂದರೆ ಮಾರು ದೂರ ಸರಿಯುವ ಮನುಷ್ಯ. ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದರಿಂದ ಅವರಿಗೆ ನೋಡೋಣ ಸಾರ್ ಎಂದೇ ಹೆಸರು. ಅವರು ಗುರುವಾರ ಮಧ್ಯಾಹ್ನ ಹಳೇ ಪತ್ರಿಕೆಗಳ ಕೋಣೆಯಲ್ಲಿ ಸಭೆ ಕರೆದರು. ಬಸ್ಸಿನವಳು ಸಮವಸ್ತ್ರದಲ್ಲೇ ಬಂದು ಟೋಪಿಯನ್ನು ಮೇಜಿನ ಮೇಲಿಟ್ಟಳು. ಓದುಗರ ಪರವಾಗಿ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಬೆಳಗ್ಗೆ ಬಾಗಿಲು ತೆಗೆಯುವ ಮೊದಲೇ ಬಂದು ಎಲ್ಲ ದಿನಪತ್ರಿಕೆಗಳನ್ನೂ ಒಬ್ಬರೇ ಆಕ್ರಮಿಸುವವರು.

"ಪುಸ್ತಕ ತೆಗೆದು ಎಸೀರಿ ಅಂತ ನಾನು ಹೇಳ್ತಿಲ್ಲ ಸಾರ್," ಎಂದಳು ಬಸ್ಸಿನವಳು. "ನನ್ನ ಮಗಳು ಒಂದು ಪ್ರಶ್ನೆ ಕೇಳಿದ್ಲು. ನನಗೆ ಉತ್ತರ ಬರಲಿಲ್ಲ. ಇಲ್ಲಿ ಓದಿರೋರು ಇದ್ದೀರಲ್ಲ, ನೀವಾದ್ರೂ ಹೇಳ್ತೀರೇನೋ ಅಂತ ಬರೆದೆ."

"ಏನಂತ ಕೇಳಿದ್ಲು?"

"'ಅಮ್ಮ, ಅವರೆಲ್ಲ ಮುಳ್ಳುಹಂದೀನ ಕೇಳಿದ್ರಾ?' ಅಂತ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ಅಲ್ಲಮ್ಮ, ಕಥೆ ಅಂದ್ರೆ ಕಥೆ. ಹಾಗೆ ನೋಡಿದ್ರೆ ಆ ಮೊಲ ಅಂಗಿ ಹಾಕ್ಕೊಂಡಿದೆ, ಹೊಲಿದುಕೊಟ್ಟೋರು ಯಾರು ಅಂತಾನೂ ವಿಚಾರಣೆ ಮಾಡಬೇಕಾಗುತ್ತೆ."

"ಮಾಡಲಿ ಬಿಡಿ. ಬಸ್ಸಲ್ಲಿ ನಾನು ದಿನಾ ಕನ್ನಡೀಲಿ ನೋಡ್ತೀನಿ ಸಾರ್. ಮಗು ತನ್ನ ಪಾಡಿಗೆ ಕೂತಿರುತ್ತೆ, ಪಕ್ಕದೋರು ಯಾರೋ ಕೆನ್ನೆ ಹಿಂಡ್ತಾರೆ. ಮಗು ಮುಖ ತಿರುಗಿಸಿದ್ರೆ ಹೆತ್ತೋಳೇ, 'ಹಾಗೆಲ್ಲ ಮಾಡಬಾರ್ದು, ನಗು ನೋಡೋಣ' ಅಂತಾಳೆ. ಬೇರೆಯೋರ ಮಾತ್ಯಾಕೆ, ನಾನೇ ಹೇಳಿದ್ದೀನಿ. ಈ ಪುಸ್ತಕ ನನ್ನ ಹಾಗೇ ಮಾತಾಡುತ್ತೆ. ಅದಕ್ಕೇ ಚುಚ್ಚಿತು."

"ಒಪ್ಪಿದೆ. ಹಾಗಂತ ಎಲ್ಲ ಪುಸ್ತಕಾನೂ ನೀತಿ ಹೇಳೋಕೆ ನಿಂತ್ರೆ ಯಾವ ಮಗು ಮುಟ್ಟುತ್ತೆ? ಮೂವತ್ತಾರು ವರ್ಷ ನೀತಿಪಾಠ ಮಾಡಿದ್ದೀನಮ್ಮ. ಎಷ್ಟೊಂದು ಮಕ್ಕಳಿಗೆ ಸೊಗಸಾದ ನಿದ್ದೆ ಕೊಟ್ಟಿದ್ದೀನಿ ಅಂತ ನನಗೇ ಗೊತ್ತು."

ಬಸ್ಸಿನವಳಿಗೂ ನಗು ಬಂತು. ಮುಖ್ಯಸ್ಥರು ಇದೇ ಸಮಯವೆಂದು, "ಓದಮ್ಮ, ನೀವೇನಂತೀರಿ?" ಎಂದರು.

ಓದಮ್ಮ ಪುಸ್ತಕದ ಬೆನ್ನಿನ ಟೇಪನ್ನು ಹೆಬ್ಬೆರಳಿನಿಂದ ಉಜ್ಜುತ್ತಿದ್ದಳು. "ತುಂಬಾ ಓಡುತ್ತೆ ಸಾರ್. ಟೇಪು ಇನ್ನೊಂದು ವರ್ಷ ಬರಬಹುದು" ಎಂದಳು.

ಕೊನೆಗೆ ದಾರಿ ತೋರಿಸಿದ್ದು ಮೇಷ್ಟ್ರೇ. "ಮಕ್ಕಳ ಪುಸ್ತಕ ಅಲ್ವೇ? ಮಕ್ಕಳನ್ನೇ ಕೇಳೋಣ. ಶನಿವಾರ ಓದಮ್ಮ ಓದಲಿ, ನಡುನಡುವೆ ನಿಲ್ಲಿಸಿ ಮಾತಾಡಿಸಲಿ. ಅವರು ಏನಂತಾರೆ ಕೇಳಿಸ್ಕೊಂಡು ಆಮೇಲೆ ನೋಡೋಣ."

ತಮ್ಮ ಮಾತನ್ನು ಇನ್ನೊಬ್ಬರು ಕಸಿದುಕೊಂಡಿದ್ದಕ್ಕೆ ನೋಡೋಣ ಸಾರ್ ಒಂದು ಕ್ಷಣ ತಬ್ಬಿಬ್ಬಾಗಿ, "ಆಗಲಿ" ಎಂದುಬಿಟ್ಟರು.

ಓದಮ್ಮ ಶುಕ್ರವಾರ ಪುಸ್ತಕವನ್ನು ಮನೆಗೆ ಒಯ್ದಳು. ಎಲ್ಲಿ ನಿಲ್ಲಿಸಬೇಕೆಂದು ಪ್ರಶ್ನೆ ಬರೆದ ಕಾಗದದ ಚೂರು ಇಡುತ್ತಾ ಕೂತಿದ್ದಾಗ ಅಕ್ಕ ಊರುಗೋಲು ಊರಿಕೊಂಡು ಬಂದು ಭುಜದ ಮೇಲಿಂದ ಇಣುಕಿದಳು. ಕರಡಿ ಕತ್ತರಿ ಹಿಡಿದ ಪುಟವನ್ನು ದಿಟ್ಟಿಸಿ ನೋಡಿ, "ಚಿತ್ರ ಬರೆದೋನು ಜನ್ಮದಲ್ಲಿ ಕತ್ತರಿ ಹಿಡಿದವನಲ್ಲ. ಹೀಗೆ ಹಿಡಿದ್ರೆ ದಾರಾನೂ ಕತ್ತರಿಸೋಕಾಗಲ್ಲ" ಎಂದು ಹೋಗಿ ಮಲಗಿದಳು. ತಂಗಿ ಆ ಪುಟಕ್ಕೂ ಒಂದು ಚೂರು ಇಟ್ಟಳು.

ಶನಿವಾರ ಹದಿನಾಲ್ಕು ಮಕ್ಕಳು ಬಂದಿದ್ದವು. ಹಿಂದೆ ಗೋಡೆಗೆ ಒರಗಿ ಬಸ್ಸಿನವಳು, ಬಾಗಿಲ ಬಳಿಯ ಗಿಡ್ಡ ಕುರ್ಚಿಯಲ್ಲಿ ಪತ್ರಿಕೆ ಸಮೇತ ಮೇಷ್ಟ್ರು. ಕಥೆ ಎಲ್ಲ ಮಕ್ಕಳಿಗೂ ಬಾಯಿಪಾಠ. ಕರಡಿ ಬಾಯಿ ತೆರೆಯುವ ಮೊದಲೇ ಅವೇ ಗುರುಗುಟ್ಟಿದವು. ಕತ್ತರಿಯ ಪುಟ ಬಂದಾಗ ಓದಮ್ಮ ನಿಲ್ಲಿಸಿದಳು.

"ಇಲ್ಲಿ ಮುಳ್ಳುಹಂದಿ ಏನು ಮಾಡ್ತಿದೆ?"

"ಗೊರಕೆ ಹೊಡೀತಿದೆ!" ಎಂದು ನಾಲ್ಕೈದು ಮಕ್ಕಳು ಗೊರಕೆ ಹೊಡೆದು ತೋರಿಸಿದವು.

"ಮುಳ್ಳು ಕತ್ತರಿಸಬಹುದಾ ಅಂತ ಅದನ್ನ ಯಾರಾದ್ರೂ ಕೇಳಿದ್ರಾ?"

"ಮಲಗಿದ್ರೆ ಹೇಗೆ ಕೇಳೋದು?" ಎಂದ ಕನ್ನಡಕದ ಹುಡುಗ. "ಮೊದಲು ಎಬ್ಬಿಸಬೇಕು."

"ಎಬ್ಬಿಸಿದ್ರೆ ಬೇಡ ಅನ್ನುತ್ತೆ," ಎಂದಳು ಅವಳಿ ಹುಡುಗಿಯರಲ್ಲಿ ಒಬ್ಬಳು.

"ಅದಕ್ಕೇ ಎಬ್ಬಿಸ್ಲಿಲ್ಲ," ಎಂದಳು ಇನ್ನೊಬ್ಬಳು.

ಬಾಗಿಲ ಬಳಿ ಪತ್ರಿಕೆ ಸ್ವಲ್ಪ ಕೆಳಗಿಳಿಯಿತು. ಓದಮ್ಮ ಪುಟ ತಿರುಗಿಸಬೇಕೆಂದು ಬೆರಳಿಗೆ ಹೇಳಿದಳು. ಬೆರಳು ನಿಧಾನವಾಗಿ ಕೇಳಿಸಿಕೊಂಡಿತು.

"ಕೊನೇಲಿ ಅದು ನಗುತ್ತಲ್ವಾ? ಖುಷಿಯಾಗಿದೆ ಅಂತ ಅಲ್ವಾ ಅರ್ಥ?"

"ಅದು ಫೋಟೋ ನಗು," ಎಂದಳು ಬಸ್ಸಿನವಳ ಮಗಳು.

"ಹಾಗಂದ್ರೆ?"

ಹುಡುಗಿ ಎದ್ದು ನಿಂತು, ಹಲ್ಲೆಲ್ಲ ಕಾಣುವಂತೆ ಬಾಯಿ ಅಗಲಿಸಿ, ಕಣ್ಣು ಮಾತ್ರ ಇದ್ದ ಹಾಗೇ ಇಟ್ಟು ತೋರಿಸಿದಳು. "ಅತ್ತೆ ಮುತ್ತು ಕೊಡೋವಾಗ ನಾನು ಹೀಗೆ ನಗ್ತೀನಿ. ಮುಖ ಎಲ್ಲ ಒದ್ದೆ ಆಗುತ್ತೆ." ತಕ್ಷಣ ಹದಿನಾಲ್ಕೂ ಮಕ್ಕಳು ಒಬ್ಬರ ಮುಖಕ್ಕೊಬ್ಬರು ಫೋಟೋ ನಗು ನಕ್ಕವು.

"ಅತ್ತೆಗೆ ಬೇಡ ಅಂತ ಹೇಳಬಹುದಲ್ವಾ?"

"ಬೇಜಾರಾಗ್ತಾರೆ."

"ಕೈ ಕುಲುಕು," ಎಂದು ಕನ್ನಡಕದ ಹುಡುಗ ಉಪಾಯ ಹೇಳಿದ. "ನಾನು ಎಲ್ಲರಿಗೂ ಕೈ ಕುಲುಕ್ತೀನಿ. ತಾತನ್ನ ಮಾತ್ರ ಅಪ್ಕೊಳ್ಳೋದು. ಯಾಕಂದ್ರೆ ತಾತ ಕೇಳ್ತಾರೆ."

ಗೋಡೆಗೆ ಒರಗಿದ್ದ ಬಸ್ಸಿನವಳು ನೆಲ ನೋಡುತ್ತಿದ್ದಳು. ಅಷ್ಟರಲ್ಲಿ ಮೂಲೆಯಲ್ಲಿ ಬೆರಳು ಚೀಪುತ್ತಿದ್ದ, ಯಾವತ್ತೂ ಬಾಯಿ ಬಿಡದ ಮಗುವೊಂದು ಬೆರಳು ಹೊರಗೆ ತೆಗೆಯಿತು.

"ಮುಳ್ಳಿಗೆ ರೋಗ ಬಂದಿದ್ರೆ? ಕತ್ತರಿಸದಿದ್ರೆ ಸತ್ತೇ ಹೋಗುತ್ತೆ ಅಂದ್ರೆ?"

ಕೋಣೆಯಲ್ಲಿ ಗದ್ದಲವೆದ್ದಿತು. ಕತ್ತರಿಸಬಹುದು ಎಂದು ಕೆಲವರು, ಎಬ್ಬಿಸಿ ಹೇಳಲೇಬೇಕು ಎಂದು ಕೆಲವರು. ಡಾಕ್ಟರ್ ನನ್ನ ಕೇಳದೆ ಸೂಜಿ ಹಾಕಿದ್ರು, ನಾನು ಅವರಿಗೆ ಒದ್ದೆ ಎಂದು ಒಬ್ಬ. ಎಬ್ಬಿಸಿದರೂ ಏಳದಷ್ಟು ಜ್ವರವಿದ್ದರೆ ಏನು ಮಾಡುವುದು ಎಂದು ಇನ್ನೊಬ್ಬ. ಓದಮ್ಮ ಪುಸ್ತಕವನ್ನು ಎದೆಗೆ ಆನಿಸಿ ಹಿಡಿದಿದ್ದಳು. ಬಸ್ಸಿನವಳ ಮಗಳು ಬಹಳ ಯೋಚಿಸಿ ತೀರ್ಪು ಕೊಟ್ಟಳು:

"ಸತ್ತು ಹೋಗುತ್ತೆ ಅಂದ್ರೆ ಕತ್ತರಿಸ್ಬಹುದು. ಆದ್ರೆ ಅದು ಎದ್ದ ಮೇಲೆ ಹೇಳ್ಬೇಕು, ನಾವೇ ಕತ್ತರಿಸಿದ್ವಿ ಅಂತ. ಇಲ್ದಿದ್ರೆ ಅದು ಪಾಪ, ತಾನಾಗೇ ಉದುರಿಹೋಯ್ತು ಅಂದ್ಕೊಂಡಿರುತ್ತೆ."

"ಹೇಳಿದ್ರೆ ಅದಕ್ಕೆ ಸಿಟ್ಟು ಬರಲ್ವಾ?" ಎಂದು ಕೇಳಿದ್ದು ಓದಮ್ಮನೇ. ಕಾಗದದ ಚೂರುಗಳಲ್ಲಿ ಆ ಪ್ರಶ್ನೆ ಇರಲಿಲ್ಲ.

"ಬರುತ್ತೆ," ಎಂದಳು ಹುಡುಗಿ, ಇದನ್ನೂ ಹೇಳಿಕೊಡಬೇಕೇ ಎಂಬಂತೆ.

ಭಾನುವಾರ ಬೆಳಗ್ಗೆ ಅಕ್ಕ ಕಿಟಕಿಯ ಬಳಿ ಕೂತು ಯಾರದೋ ಶಾಲಾ ಅಂಗಿಯ ಹಳೇ ಹೊಲಿಗೆ ಬಿಚ್ಚುತ್ತಿದ್ದಳು. ತಂಗಿ ಎದುರಿಗೆ ಸ್ಟೂಲು ಎಳೆದುಕೊಂಡು ಕೂತಳು. ಹೇಗೆ ಶುರು ಮಾಡುವುದೆಂದು ಯೋಚಿಸಿರಲಿಲ್ಲ. ಯೋಚಿಸಿದ್ದರೆ ಇನ್ನೊಂದು ಭಾನುವಾರ ಆಗುತ್ತಿತ್ತು.

"ಅಕ್ಕ, ಕಾಗದಕ್ಕೆ ಸಹಿ ಹಾಕಿದ್ದು ನಾನು."

"ಯಾವ ಕಾಗದ?"

"ಆಸ್ಪತ್ರೇದು. ಕಾಲಿಂದು."

ಅಕ್ಕನ ಕೈಯಲ್ಲಿದ್ದ ಸೂಜಿ ನಿಂತಿತು. "ಡಾಕ್ಟರು ಕೇಳಲೇ ಇಲ್ಲ ಅಂದೆ."

"ಕೇಳಿದ್ರು. ನೀನು ಬೇಡ ಅಂದಿದ್ದೆ ಅಂತಾನೂ ನಾನು ಹೇಳಿದೆ. ಹೇಳಿ, ಆಮೇಲೆ ಸಹಿ ಹಾಕಿದೆ."

"ಏಳು ತಿಂಗಳಿಂದ ಆ ಮನುಷ್ಯನ್ನ ಬೈತಾ ಇದ್ದೀನಲ್ಲೇ ನಾನು."

"ಹೂಂ."

"ಮೊನ್ನೆ ಪಾಪ ಅವರೇ ಎದ್ದು ಬಂದು ನನಗೆ ಕುರ್ಚಿ ಎಳೆದುಕೊಟ್ರು. ನಾನು ಆ ಕುರ್ಚೀನ ಒದ್ದೆ. ಇರೋದು ಒಂದು ಕಾಲು, ಅದರಲ್ಲೇ ಒದ್ದೆ."

ಬೇರೆ ಯಾವ ದಿನವಾದರೂ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅಂದು ಯಾರೂ ನಗಲಿಲ್ಲ. ಅಕ್ಕ ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟಳು.

"ಸಹಿ ಹಾಕದೆ ಇದ್ರೆ ಹೋಗ್ಬಿಡ್ತಿದ್ನಾ?"

"ಸಂಜೆಯೊಳಗೆ ಅಂದ್ರು."

"ಇರೋದು ಹೋಗೋದು ನನ್ನ ವಿಷಯ ಅಲ್ವೇನೇ ಪುಟ್ಟಿ?"

"ಹೌದು."

"ಮತ್ತೆ?"

ನಿನಗೋಸ್ಕರ ಮಾಡಿದೆ ಎನ್ನುವ ಮಾತು ಓದಮ್ಮನ ನಾಲಗೆಯ ತುದಿಯಲ್ಲೇ ಇತ್ತು. ಅದು ನಿಜವಲ್ಲ ಎಂದು ಆಗಲೇ ಗೊತ್ತಾಗಿದ್ದು.

"ನೀನಿಲ್ಲದ ಮನೇಲಿ ನನಗೆ ಇರೋಕಾಗ್ತಿರಲಿಲ್ಲ ಅಕ್ಕ. ನನಗೋಸ್ಕರ ಹಾಕಿದೆ."

ಅಕ್ಕ ಅವಳನ್ನು ನೋಡಿದಳು; ಬಟ್ಟೆ ಕತ್ತರಿಸುವ ಮೊದಲು ನೋಡುವ ಹಾಗೆ, ಎಲ್ಲಿ ಎಷ್ಟಿದೆ ಎಂದು. ಆಮೇಲೆ, "ಸ್ವಲ್ಪ ಹೊತ್ತು ಆಚೆ ಹೋಗಿರು" ಎಂದಳು.

ಆ ಸ್ವಲ್ಪ ಹೊತ್ತು ಒಂಬತ್ತು ದಿನವಾಯಿತು. ಮನೆಯಲ್ಲಿ ಊರುಗೋಲಿನ ಸದ್ದು, ನಲ್ಲಿಯ ಸದ್ದು, ತಟ್ಟೆಯ ಸದ್ದು ಬಿಟ್ಟರೆ ಇನ್ನೇನಿಲ್ಲ. ಅಕ್ಕ ಬೈದಿದ್ದರೆ ಚೆನ್ನಾಗಿತ್ತು. ತಂಗಿಗೆ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಒಂದೇ ಭಂಗಿಯಲ್ಲಿ ಕೂತ ಕಾಲಿಗೆ ಜೋಮು ಹಿಡಿದಾಗ ಅದು ಯಾರದೋ ಕಾಲು ಅನ್ನಿಸುತ್ತದಲ್ಲ, ಹಾಗೆ ತನ್ನ ದಿನಗಳನ್ನು ಆಕೆ ಎತ್ತಿ ಎತ್ತಿ ಮುಂದಿಡುತ್ತಿದ್ದಳು. ಹತ್ತನೆಯ ದಿನ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ದನಿ ಬಂತು.

"ಆ ಮೋಟಾರ್ ತೆಗೆಸು."

ತೆಗೆಸಿದರೆ ಒಂದೇ ಕಾಲಲ್ಲಿ ತುಳಿಯಬೇಕಾಗುತ್ತದೆ, ಎಡಗಾಲಿಗೂ ಏಟು ಬೀಳುತ್ತದೆ, ಹೊಲಿಗೆ ಅರ್ಧಕ್ಕರ್ಧ ನಿಧಾನವಾಗುತ್ತದೆ. ಎಲ್ಲವೂ ಓದಮ್ಮನ ಬಾಯಿಗೆ ಬಂತು. ಅಕ್ಕನಿಗೆ ಇದೆಲ್ಲ ತನಗಿಂತ ಚೆನ್ನಾಗಿ ಗೊತ್ತು ಎಂಬುದೂ ನೆನಪಾಯಿತು. "ಯಾವತ್ತು ಬರಹೇಳಲಿ?" ಎಂದು ಕೇಳಿದಳು.

"ಗುರುವಾರ. ನಾನು ಮನೇಲಿರೋವಾಗ."

ಗುರುವಾರ ಬಂದ ರಿಪೇರಿಯವನು ಅಕ್ಕತಂಗಿಯರಿಗೆ ತಲೆ ಕೆಟ್ಟಿದೆ ಎಂದು ಮುಖದಲ್ಲೇ ಹೇಳುತ್ತಾ ಮೋಟಾರ್ ಕಳಚಿಕೊಂಡು ಹೋದ. ಅಕ್ಕ ಎಡಗಾಲನ್ನು ತುಳಿಯುವ ಹಲಗೆಯ ನಡುವಿಗೆ ಸರಿಸಿಕೊಂಡು ಕೂತಳು. ಚಕ್ರ ಮೊದಮೊದಲು ಹಿಂದಕ್ಕೇ ತಿರುಗಿತು, ದಾರ ತುಂಡಾಯಿತು, ಅಕ್ಕ ಚಕ್ರಕ್ಕೂ ದಾರಕ್ಕೂ ಬೈದಳು. ತಿಂಗಳಾಗುವುದರಲ್ಲಿ ಅದು ಕುಂಟುತ್ತಾ ಓಡತೊಡಗಿತು. ಮೊದಲಿನಷ್ಟು ಕೆಲಸ ಹಿಡಿಯಲಾಗಲಿಲ್ಲ. ಕಾಯಲಾಗದವರು ಬೇರೆ ಕಡೆ ಹೋದರು, ಕೆಲವರು ಕಾದರು. ಅಕ್ಕ ತಂಗಿಯ ಜೊತೆ ಮಾತಾಡತೊಡಗಿದ್ದಳು. ಕಾಲಿನ ವಿಷಯ ಮಾತ್ರ ಎತ್ತಲಿಲ್ಲ. ಕ್ಷಮಿಸಿದಳೋ ಇಲ್ಲವೋ ಎಂದು ತಂಗಿಯೂ ಕೇಳಲಿಲ್ಲ. ವೈದ್ಯರಿಗೆ ಹಾಕುತ್ತಿದ್ದ ಶಾಪಗಳಂತೂ ನಿಂತವು.

ಗ್ರಂಥಾಲಯದಲ್ಲಿ ಎರಡನೆಯ ಸಭೆ ಹತ್ತು ನಿಮಿಷದಲ್ಲಿ ಮುಗಿಯಿತು. ಪುಸ್ತಕ ಕಪಾಟಿನಲ್ಲೇ ಇರಲಿ ಎಂದಳು ದೂರು ಕೊಟ್ಟವಳೇ. "ಇದು ಇಲ್ದೆ ಇದ್ದಿದ್ರೆ ನನ್ನ ಮಗಳು ಅತ್ತೆ ವಿಷಯ ಹೇಳ್ತಾನೇ ಇರಲಿಲ್ಲ." ಅದನ್ನು ಓದುವಾಗ ನಿಲ್ಲಿಸಿ ಕೇಳಬೇಕಾದ ಮೂರು ಪ್ರಶ್ನೆಗಳನ್ನು ಮೇಷ್ಟ್ರು ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದು ಮೊದಲ ಪುಟಕ್ಕೆ ಅಂಟಿಸಿದರು. ನೀತಿ ಇರಕೂಡದು ಎಂದವರೇ ನಾಲ್ಕನೆಯದಾಗಿ ಒಂದು ನೀತಿ ಸೇರಿಸಲು ಹೊರಟಿದ್ದರು, ಓದಮ್ಮ ಅಂಟಿನ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು. ಮುಂದಿನ ಶನಿವಾರಗಳಲ್ಲಿ ಆಕೆ ಬೇರೆ ಪುಸ್ತಕಗಳಲ್ಲೂ ಹಾಗೆ ನಿಲ್ಲತೊಡಗಿದಳು. ಕಥೆ ಮುಗಿಯುವುದು ತಡವಾಗುತ್ತಿತ್ತು. ಒಂದೊಂದು ದಿನ ಮುಗಿಯುತ್ತಲೇ ಇರಲಿಲ್ಲ.

ಕಾಲು ಹೋಗಿ ವರ್ಷ ತುಂಬುವ ಹೊತ್ತಿಗೆ ಕೃತಕ ಕಾಲಿನ ಅಳತೆಗೆಂದು ಕರೆ ಬಂತು. ಅದು ಆಸ್ಪತ್ರೆಯ ಹಿಂಬದಿಯ ಉದ್ದನೆಯ ಕೋಣೆ. ಗೋಡೆಯ ಕೊಕ್ಕೆಗಳಲ್ಲಿ ಸಾಲಾಗಿ ಕಾಲುಗಳು ತೂಗುತ್ತಿದ್ದವು. ಅಳತೆ ತೆಗೆಯುವ ತರುಣ ಟೇಪು ಹಿಡಿದು ಬಂದು ಓದಮ್ಮನ ಮುಂದೆ ನಿಂತ.

"ಇವರಿಗೆ ಈ ಬೆಂಚಿನ ಮೇಲೆ ಕೂತ್ಕೊಳ್ಳೋಕಾಗುತ್ತಾ? ಅಳತೆ ಶುರು ಮಾಡ್ಲಾ?"

"ಅವರನ್ನೇ ಕೇಳಿ," ಎಂದಳು ಓದಮ್ಮ.

ಅವನು ಕೇಳಿದ್ದೇ ತಡ, ಅಕ್ಕನ ಪ್ರಶ್ನೆಗಳು ಶುರುವಾದವು. ಒಳಗಿನ ಬಟ್ಟೆ ಯಾವುದು, ಬೆವರಿದರೆ ಏನು, ಪಟ್ಟಿ ಚರ್ಮದ್ದೋ ನೂಲಿನದೋ. ಮಾದರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂ‌ಡು ತಿರುಗಿಸಿ ನೋಡಿ, "ಈ ಪಟ್ಟಿಗೆ ಹೊಲಿಗೆ ಹಾಕಿದೋರು ಯಾರಪ್ಪ? ತಿಂಗಳಿಗೇ ಬಾಯಿ ಬಿಡುತ್ತೆ" ಎಂದಳು. ತರುಣ ಬೆವರೊರೆಸಿಕೊಂಡು ಎಲ್ಲಕ್ಕೂ ಉತ್ತರ ಹೇಳಿದ. ಎಲ್ಲವನ್ನೂ ಕೇಳಿಸಿಕೊಂಡು ಅಕ್ಕ ಮಾದರಿಯನ್ನು ವಾಪಸ್ ಕೊಟ್ಟಳು.

"ಇವತ್ತು ಬೇಡ."

ಅವನು ಸಹಾಯಕ್ಕೆಂದು ಓದಮ್ಮನ ಕಡೆ ನೋಡಿದ. ಓದಮ್ಮ ಎದ್ದು ಕೈಚೀಲ ತೆಗೆದುಕೊಂಡಳು.

ಹೊರಗೆ ಬಸ್ ನಿಲ್ದಾಣದ ಕಬ್ಬಿಣದ ಬೆಂಚು ಬಿಸಿಲಿಗೆ ಕಾದಿತ್ತು. ಕೂತ ಮೇಲೆ ಅದು ಸುಡುತ್ತಿದೆ ಎಂದು ಓದಮ್ಮನಿಗೆ ಗೊತ್ತಾಯಿತು. ಸ್ವಲ್ಪ ಸರಿದು ಕೂತಳು. ಅಕ್ಕ ರಸ್ತೆ ನೋಡುತ್ತಲೇ ಹೇಳಿದಳು.

"ಮುಂದಿನ ತಿಂಗಳು ಬರೋಣ. ಕಾಲೇನೋ ಚೆನ್ನಾಗೇ ಇದೆ."

"ಮತ್ತೆ ಇವತ್ತು ಯಾಕೆ ಬೇಡ ಅಂದೆ?"

"ಬೇಡ ಅಂದ್ರೆ ಏನಾಗುತ್ತೆ ಅಂತ ನೋಡಬೇಕಿತ್ತು."

ಬಸ್ಸು ಬಂತು. ಮೆಟ್ಟಿಲು ಎತ್ತರವಾಗಿತ್ತು. ಓದಮ್ಮನ ಕೈ ಅಭ್ಯಾಸಬಲದಿಂದ ಅಕ್ಕನ ತೋಳಿನ ಕಡೆ ಹೋಗಿ, ಅರ್ಧದಲ್ಲೇ ನಿಂತಿತು.

"ಹಿಡ್ಕೊಳ್ಲಾ?"

"ಚೀಲ ಹಿಡ್ಕೋ," ಎಂದಳು ಅಕ್ಕ. ಊರುಗೋಲನ್ನು ಮೊದಲು ಮೇಲಿಟ್ಟು, ಕಂಬಿಗೆ ಜೋತು, ಎರಡನೆಯ ಪ್ರಯತ್ನಕ್ಕೆ ಹತ್ತಿದಳು. ಓದಮ್ಮ ಎರಡೂ ಚೀಲಗಳನ್ನು ಹಿಡಿದುಕೊಂಡು ಹಿಂದೆ ಹತ್ತಿದಳು.